ಆನ್‌ಲೈನಲ್ಲಿ ಅರ್ಜಿ ಹಾಕಿ 12 ದಿನ ಆಯ್ತು, ಕಂಪನಿಯಿಂದ ಸದ್ದೇ ಇಲ್ಲ. ಫೋನ್ ಮಾಡಲಾ, ಬೇಡ್ವಾ?

ಅರಸೀಕೆರೆ_ಬಿಕಾಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಎರಡು ವರ್ಷದಿಂದ ಹಾಸನದಲ್ಲಿ ಒಬ್ಬರು ಆಡಿಟರ್ ಹತ್ತಿರ ಕೆಲಸ ಮಾಡುತ್ತಿದ್ದೇನೆ. ದಿನಾ ಅರಸೀಕೆರೆಯಿಂದ ಓಡಾಟ. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಟಿಡಿಎಸ್ ಎಲ್ಲಾ ಬರುತ್ತೆ. ಬಸ್ಸೇನೋ ಹೆಂಗಸರಿಗೆ ಫ್ರೀ, ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ, ಅಷ್ಟು ಸಂಬಳ.

ಪೀಣ್ಯದಲ್ಲಿ ಮಷಿನ್ ಪಾರ್ಟ್ಸ್ ಮಾಡುವ ಒಂದು ಕಂಪನಿ ಅಕೌಂಟ್ಸ್ ಅಸಿಸ್ಟೆಂಟ್ ಬೇಕು ಅಂತ ನೌಕ್ರಿಯಲ್ಲಿ ಹಾಕಿತ್ತು. ಅಪ್ಲೈ ಒತ್ತಿದರೆ ಅವರದ್ದೇ ವೆಬ್‌ಸೈಟಿಗೆ ಹೋಯಿತು. ರೆಸ್ಯೂಮೆ ಅಪ್‌ಲೋಡ್ ಮಾಡಿದ ಮೇಲೂ ಅದರಲ್ಲಿ ಇದ್ದದ್ದನ್ನೇ ಮತ್ತೆ ಒಂದೊಂದೇ ಬಾಕ್ಸಿನಲ್ಲಿ ತುಂಬಿಸಬೇಕಾಯ್ತು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಸಮೇತ. ಭಾನುವಾರ ರಾತ್ರಿ ಹನ್ನೊಂದೂವರೆಗೆ ಮುಗಿಯಿತು. ಒಂದೇ ನಿಮಿಷಕ್ಕೆ ಮೇಲ್ ಬಂತು: ನಿಮ್ಮ ಅರ್ಜಿ ತಲುಪಿದೆ, ಈ ಮೇಲ್‌ಗೆ ಉತ್ತರ ಕಳಿಸಬೇಡಿ. ಅಷ್ಟೇ. ಇವತ್ತಿಗೆ 12 ದಿನ. ಲಾಗಿನ್ ಆಗಿ ನೋಡಿದರೆ 'ಅಂಡರ್ ರಿವ್ಯೂ' ಅಂತ ಇದೆ. ದಿನಕ್ಕೆ ನಾಲ್ಕು ಸಲ ನೋಡುತ್ತೇನೆ, ಅದು ಅಲ್ಲೇ ಇರುತ್ತೆ.

ಅಪ್ಪ ದಿನಾ ಊಟಕ್ಕೆ ಕೂತಾಗ "ಏನಾಯ್ತಮ್ಮ ಬೆಂಗಳೂರದ್ದು" ಅಂತ ಕೇಳುತ್ತಾರೆ. ಚಿಕ್ಕಪ್ಪ ಹೇಳುವುದು, ದಿನಾ ಫೋನ್ ಮಾಡ್ತಾ ಇರು, ಕೇಳದೆ ಯಾರೂ ಕೊಡಲ್ಲ ಅಂತ. ನನ್ನ ಫ್ರೆಂಡ್ ಹೇಳುವುದು, ಫೋನ್ ಮಾಡಿದರೆ ಹೆಸರೇ ತೆಗೆದುಹಾಕುತ್ತಾರೆ ಅಂತ. ಮೊನ್ನೆ ಧೈರ್ಯ ಮಾಡಿ ವೆಬ್‌ಸೈಟಲ್ಲಿದ್ದ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಎಚ್‌ಆರ್ ಕೊಡಿ ಅಂದೆ. ಮೀಟಿಂಗಲ್ಲಿದ್ದಾರೆ, ಮೇಲ್ ಮಾಡಿ ಅಂದು ಇಟ್ಟುಬಿಟ್ಟರು. ಯಾವ ಮೇಲ್‌ಗೆ ಅಂತ ಕೇಳುವಷ್ಟರಲ್ಲಿ ಕಟ್.

ಒಂದು ಮೇಲ್ ಬರೆದಿಟ್ಟುಕೊಂಡಿದ್ದೇನೆ, ಕಳಿಸಿಲ್ಲ. ಅದರ ಸಾರ ಇಷ್ಟು: ಗೌರವಾನ್ವಿತ ಸರ್ ಅಥವಾ ಮೇಡಂ, ನಾನು ತಮ್ಮ ಸಂಸ್ಥೆಗೆ ಅರ್ಜಿ ಹಾಕಿ 12 ದಿನವಾಯಿತು, ಯಾವುದೇ ಉತ್ತರ ಬಂದಿಲ್ಲ, ಮನೆಯಲ್ಲಿ ತೊಂದರೆ ಇದೆ, ತಂಗಿ ಓದುತ್ತಿದ್ದಾಳೆ, ದಯವಿಟ್ಟು ನನ್ನ ಅರ್ಜಿಯನ್ನು ಪರಿಗಣಿಸಿ ಅವಕಾಶ ಕೊಡಬೇಕಾಗಿ ವಿನಂತಿ. ಇದನ್ನು ಕಳಿಸಬಹುದಾ? ಯಾರಿಗೆ ಕಳಿಸಲಿ? ಅಥವಾ ಸುಮ್ನೆ ಇರಲಾ?

---

ರೆಸ್ಯೂಮೆ_ರಾಶಿ:

ನಾನು ಬೆಂಗಳೂರಲ್ಲಿ ಒಂಬತ್ತು ವರ್ಷದಿಂದ ಎಚ್‌ಆರ್, ಜನ ತಗೊಳ್ಳುವ ಕೆಲಸವೇ ನಂದು. ಮೊದಲು ಸಮಾಧಾನ ಮಾಡಿಕೊಳ್ಳಿ. 12 ದಿನ ಅಂದರೆ ನಿಮಗೆ ಯುಗ, ನಮಗೆ ಅದು ಏನೂ ಅಲ್ಲ. ನಡುವೆ ಒಂದು ಎರಡನೇ ಶನಿವಾರ, ಒಂದು ಭಾನುವಾರ ಹೋಗಿದೆ. ಕೆಲಸದ ದಿನ ಹತ್ತು.

'ಅಂಡರ್ ರಿವ್ಯೂ' ಅನ್ನುವುದನ್ನು ನಂಬಬೇಡಿ. ಬಹಳಷ್ಟು ಸಾಫ್ಟ್‌ವೇರಲ್ಲಿ ಅರ್ಜಿ ಒಳಗೆ ಬಿದ್ದ ಕ್ಷಣದಿಂದ ಅದೇ ತೋರಿಸುತ್ತೆ, ಯಾರೂ ತೆರೆದು ನೋಡದಿದ್ದರೂ. ನನ್ನ ಕಡೆಯಿಂದ ಅದು ಹೇಗೆ ಕಾಣುತ್ತೆ ಹೇಳುತ್ತೇನೆ. ನನ್ನ ಕೈಯಲ್ಲಿ ಒಂದೇ ಹೊತ್ತಿಗೆ ಹದಿನೈದು ಇಪ್ಪತ್ತು ಓಪನಿಂಗ್ ಇರುತ್ತೆ. ಅಕೌಂಟ್ಸ್ ಕೆಲಸ ಅಂತ ಹಾಕಿದರೆ ಎರಡು ದಿನದಲ್ಲಿ ಇನ್ನೂರು ಮುನ್ನೂರು ಅರ್ಜಿ. ಎಲ್ಲವನ್ನೂ ಓದುತ್ತೇನೆ ಅಂದರೆ ಸುಳ್ಳು. ಎಷ್ಟು ವರ್ಷ ಅನುಭವ, ಯಾವ ಊರು, ಎಷ್ಟು ಸಂಬಳ ಕೇಳಿದ್ದಾರೆ, ಯಾವಾಗ ಸೇರಬಹುದು, ಈ ನಾಲ್ಕನ್ನು ಫಿಲ್ಟರ್ ಹಾಕಿದರೆ ಮೂವತ್ತು ಉಳಿಯುತ್ತೆ, ಅದನ್ನು ಓದುತ್ತೇನೆ. ಆ ಮೂವತ್ತರಲ್ಲಿ ಹತ್ತು ಮ್ಯಾನೇಜರಿಗೆ ಹೋಗುತ್ತೆ. ಆಮೇಲೆ ಮ್ಯಾನೇಜರ್ ನೋಡಬೇಕು, ಅವರು ನೋಡಲ್ಲ, ನಾನು ಜ್ಞಾಪಿಸಬೇಕು. ನೀವು ನನ್ನನ್ನು ಕಾಯುತ್ತಿದ್ದೀರಿ, ನಾನು ಅವರನ್ನು ಕಾಯುತ್ತಿದ್ದೇನೆ.

ಇನ್ನೊಂದು, ಇದನ್ನು ಹೊರಗೆ ಯಾರೂ ಹೇಳಲ್ಲ. ಒಬ್ಬರಿಗೆ ಆಫರ್ ಕೊಟ್ಟ ಮೇಲೂ ಉಳಿದವರಿಗೆ ಇಲ್ಲ ಅಂತ ಹೇಳುವುದಿಲ್ಲ. ಯಾಕೆಂದರೆ ಆಫರ್ ತಗೊಂಡವರು ಹಳೆ ಕಂಪನಿಯಲ್ಲಿ 60 ದಿನ, 90 ದಿನ ನೋಟಿಸ್ ಅಂತ ಕೂತಿರುತ್ತಾರೆ, ಕೊನೆ ವಾರದಲ್ಲಿ "ಮೇಡಂ, ಇಲ್ಲೇ ಸಂಬಳ ಜಾಸ್ತಿ ಮಾಡಿದರು" ಅಂತ ಕೈ ಕೊಡುತ್ತಾರೆ. ಆಗ ನಾವು ಎರಡನೆಯವರನ್ನು ಹುಡುಕಿಕೊಂಡು ಬರಬೇಕು. ಸರಿಯಾದ ಪದ್ಧತಿ ಅಂತ ಹೇಳ್ತಾ ಇಲ್ಲ. ಹೀಗೆ ನಡೆಯುತ್ತೆ ಅಂತ ಹೇಳ್ತಾ ಇದ್ದೇನೆ.

ಈಗ ನಿಮ್ಮ ಮೇಲ್. ಮನೆ ತೊಂದರೆ, ತಂಗಿ ಓದು, ಅದೆರಡನ್ನೂ ತೆಗೆಯಿರಿ. ಓದಿದರೆ ನನಗೂ ಬೇಜಾರಾಗುತ್ತೆ, ಆದರೆ ನಾನು ಅದನ್ನು ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ "ಸರ್, ಇವರ ಮನೇಲಿ ಕಷ್ಟ ಇದೆಯಂತೆ" ಅನ್ನಕ್ಕಾಗುತ್ತಾ? ಅವರಿಗೆ ಹೇಳುವಂಥ ಒಂದು ಸಾಲು ನನ್ನ ಕೈಗೆ ಕೊಡಿ. ಯಾವ ಕೆಲಸ ಗೊತ್ತು, ಯಾವತ್ತು ಬಂದು ಸೇರಬಹುದು. "ಉತ್ತರ ಬಂದಿಲ್ಲ" ಅನ್ನುವುದೂ ಬೇಡ, ದೂರು ಕೊಟ್ಟ ಹಾಗಿರುತ್ತೆ. ಸಬ್ಜೆಕ್ಟ್ ಜಾಗದಲ್ಲಿ ಕೆಲಸದ ಹೆಸರು, ಅವರು ಕೊಟ್ಟ ಜಾಬ್ ನಂಬರ್, ನಿಮ್ಮ ಹೆಸರು. ರೆಸ್ಯೂಮೆಯನ್ನು ಮತ್ತೆ ಪಿಡಿಎಫ್ ಮಾಡಿ ಹಚ್ಚಿ, ಫೈಲಿಗೆ ನಿಮ್ಮ ಹೆಸರಿಡಿ. 'ಫೈನಲ್ ನ್ಯೂ 2' ಅಂತ ಹೆಸರಿರುವ ರೆಸ್ಯೂಮೆ ನನ್ನ ಡೌನ್‌ಲೋಡ್ ಫೋಲ್ಡರಿನಲ್ಲಿ ಎಷ್ಟಿದೆ ಅಂತ ನನಗೇ ಗೊತ್ತಿಲ್ಲ.

ಒಂದು ಮೇಲ್. ಒಂದು ವಾರ ಬಿಟ್ಟು ಅದೇ ಮೇಲ್ ಮೇಲೆ ಇನ್ನೊಂದು. ಅಲ್ಲಿಗೆ ನಿಲ್ಲಿಸಿ. ವಾಟ್ಸಾಪ್ ಮಾತ್ರ ಬೇಡ, ಅವರಾಗಿ ಮೊದಲು ಮೆಸೇಜ್ ಮಾಡಿದ್ದರೆ ಬೇರೆ ಮಾತು. ರಾತ್ರಿ ಒಂಬತ್ತಕ್ಕೆ 'ಹಾಯ್ ಮೇಡಂ' ಅಂತ ಬಂದರೆ ನಾನು ತೆರೆಯುವುದೇ ಇಲ್ಲ.

---

ಡೆಬಿಟ್_ಕ್ರೆಡಿಟ್:

ಮೇಡಂ ಹೇಳಿದ್ದು ಸರಿ, ಆದರೆ ಅದು ಎಚ್‌ಆರ್ ಕಡೆಯ ಮಾತು. ನಾನು ಬೊಮ್ಮಸಂದ್ರದಲ್ಲಿ ಒಂದು ಫ್ಯಾಕ್ಟರಿಯ ಅಕೌಂಟ್ಸ್ ಮ್ಯಾನೇಜರ್, ನಿನ್ನಂಥವರನ್ನು ತಗೊಳ್ಳುವವನು. ನೋಡಮ್ಮ, ಒಂದು ಕುರ್ಚಿ ಖಾಲಿ ಇದ್ದರೆ ಎಚ್‌ಆರ್‌ಗೆ ಅದು ಎಕ್ಸೆಲ್‌ನಲ್ಲಿ ಒಂದು ಸಾಲು. ನನಗೆ ಅದು ರಾತ್ರಿ ಎಂಟೂವರೆ ಬಸ್ಸು ತಪ್ಪುವುದು. ಹಾಗಾಗಿ ನಿನ್ನ ಮೇಲ್ ಎಚ್‌ಆರ್‌ಗಿಂತ ಹೆಚ್ಚು ಬೇಕಾಗಿರುವುದು ನನ್ನಂಥವನಿಗೆ.

ಆದರೆ ಹೊತ್ತು ನೋಡಿ ಕಳಿಸಬೇಕು. ನೀನೇ ಆಡಿಟರ್ ಆಫೀಸಲ್ಲಿರುವವಳು, ನಿನಗೆ ಗೊತ್ತಿಲ್ಲದ್ದೇನಲ್ಲ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್, 3ಬಿ. ತಿಂಗಳ ಕೊನೆಗೆ ಸಂಬಳ. ಇವತ್ತು 18. ಈ ಸಲ 20 ಭಾನುವಾರ ಬಿದ್ದಿದೆ, ನಾವೆಲ್ಲ ಆಫೀಸಲ್ಲೇ ಇರುತ್ತೇವೆ. ಈಗ ಮೇಲ್ ಕಳಿಸಿದರೆ ಅಡಿಗೆ ಹೋಗಿಬಿಡುತ್ತೆ. ಮಂಗಳವಾರ 22, ಬೆಳಿಗ್ಗೆ ಹತ್ತೂವರೆ ಹನ್ನೊಂದು. ಅವತ್ತು ಅಕೌಂಟ್ಸ್ ಡಿಪಾರ್ಟ್‌ಮೆಂಟಲ್ಲಿ ಎಲ್ಲರೂ ಕಾಫಿ ಕುಡಿಯುತ್ತಾ ಮನುಷ್ಯರ ಹಾಗೆ ಮಾತಾಡುವ ದಿನ.

ಹೋದ ವರ್ಷ ಒಬ್ಬ ಹುಡುಗ 20ನೇ ತಾರೀಕು ಸಾಯಂಕಾಲ ಐದಕ್ಕೆ ಫೋನ್ ಮಾಡಿದ. ಜಿಎಸ್‌ಟಿ ಪೋರ್ಟಲ್ ಸುತ್ತುತ್ತಾ ಕೂತಿದೆ, ಒಟಿಪಿ ಬರ್ತಿಲ್ಲ, ಎಂಡಿ ಪಕ್ಕದಲ್ಲೇ ನಿಂತಿದ್ದಾರೆ. "ಸರ್ ನನ್ನ ಅಪ್ಲಿಕೇಶನ್ ಏನಾಯ್ತು" ಅಂದ. ನಾನು ಏನಂದೆ ಅಂತ ಇಲ್ಲಿ ಬರೆಯಲ್ಲ. ಹುಡುಗ ಒಳ್ಳೆಯವನೇ ಇದ್ದಿರಬಹುದು, ಪಾಪ.

ಇನ್ನೊಬ್ಬ ಕಳಿಸಿದ ಮೇಲ್ ನನಗೆ ಈಗಲೂ ನೆನಪಿದೆ. ನಾಲ್ಕೇ ಸಾಲು. ಒಂದು ಹಾರ್ಡ್‌ವೇರ್ ಅಂಗಡಿಗೆ ಪ್ರತಿ ತಿಂಗಳು 2ಬಿ (ಸಪ್ಲೈಯರ್‌ಗಳು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ) ಇಳಿಸಿ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡುತ್ತೇನೆ, ಸಿಗದ ಬಿಲ್ಲಿಗೆ ಸಪ್ಲೈಯರ್‌ಗೆ ನಾನೇ ಫೋನ್ ಮಾಡುತ್ತೇನೆ, 15 ದಿನದಲ್ಲಿ ಸೇರಬಹುದು ಅಂತ. ಓದಿದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮೇಜಿನ ಮೇಲೆ ತಾಳೆಯಾಗದೆ ಬಿದ್ದಿದ್ದ ಬಿಲ್ಲುಗಳ ಕಟ್ಟು. ಅರ್ಧ ಗಂಟೆಯಲ್ಲಿ ಫೋನ್ ಮಾಡಿದೆ. ಡಿಗ್ರಿ ಪರ್ಸೆಂಟೇಜ್ ಎಷ್ಟು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ನೀನೂ ಹಾಗೆ ಬರಿ. ಎಷ್ಟು ಪಾರ್ಟಿಗಳ ರಿಟರ್ನ್ ನೋಡುತ್ತೀಯ, ಅದರಲ್ಲಿ ತಯಾರಿಕೆ ಮಾಡುವವರು ಯಾರಾದರೂ ಇದ್ದಾರಾ, ಇ-ವೇ ಬಿಲ್ ಮಾಡಿದ್ದೀಯಾ. ಕ್ಲೈಂಟ್ ಹೆಸರು ಮಾತ್ರ ಎಲ್ಲೂ ಹಾಕಬೇಡ. ಅದು ತಪ್ಪು, ಅದನ್ನು ನೋಡಿದರೆ ನಾಳೆ ನಮ್ಮ ಲೆಕ್ಕವನ್ನೂ ಹೊರಗೆ ಹೇಳುತ್ತಾಳೆ ಅಂತ ನಾವೂ ಹಿಂದೆ ಸರಿಯುತ್ತೇವೆ.

---

ಅರಸೀಕೆರೆ_ಬಿಕಾಂ:

ಮೇಡಂ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. 2ಬಿ ತಾಳೆ ನೋಡುವುದು ನನ್ನ ದಿನದ ಕೆಲಸ ಸರ್, 14 ಪಾರ್ಟಿಗಳದ್ದು ನಾನೇ ಮಾಡುತ್ತೇನೆ, ಎರಡು ರೈಸ್ ಮಿಲ್, ಒಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಅದನ್ನು ರೆಸ್ಯೂಮೆಯಲ್ಲಿ 'ಜಿಎಸ್‌ಟಿ ಗೊತ್ತಿದೆ' ಅಂತ ಅಷ್ಟೇ ಬರೆದಿದ್ದೆ. ಈಗ ನಗು ಬರ್ತಿದೆ.

ಆದರೆ ಮ್ಯಾನೇಜರ್ ಮೇಲ್ ಐಡಿ ಎಲ್ಲಿಂದ ತರಲಿ? ವೆಬ್‌ಸೈಟಲ್ಲಿ ಸೇಲ್ಸ್‌ದು ಮಾತ್ರ ಇದೆ. ಲಿಂಕ್ಡ್‌ಇನ್‌ನಲ್ಲಿ ಎಚ್‌ಆರ್ ಒಬ್ಬರು ಸಿಕ್ಕಿದರು, ಅಕೌಂಟ್ಸ್‌ನವರು ಯಾರೂ ಇಲ್ಲ.

---

ಡೆಬಿಟ್_ಕ್ರೆಡಿಟ್:

ಅದೇ ಲ್ಯಾಂಡ್‌ಲೈನಿಗೆ ಮಾಡು. ಎಚ್‌ಆರ್ ಕೊಡಿ ಅನ್ನಬೇಡ, ಅಕೌಂಟ್ಸ್ ಕೊಡಿ ಅನ್ನು. ದುಡ್ಡು ಕೇಳುವ ಸಪ್ಲೈಯರ್‌ಗಳು ದಿನಾ ಹಾಗೇ ಕೇಳುವುದು, ರಿಸೆಪ್ಶನ್‌ನವರು ಏನೂ ಕೇಳದೆ ಕೊಟ್ಟುಬಿಡುತ್ತಾರೆ. ತೆಗೆದವರು ಯಾರೇ ಆಗಲಿ, ಸುಳ್ಳು ಹೇಳಬೇಡ. "ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ವೆಬ್‌ಸೈಟಲ್ಲಿ ಅರ್ಜಿ ಹಾಕಿದ್ದೇನೆ, ಎರಡು ಸಾಲು ಮೇಲ್ ಮಾಡಬೇಕಿತ್ತು, ಯಾವ ಐಡಿಗೆ ಕಳಿಸಲಿ?" ಇಷ್ಟೇ. ಕೆಲಸ ಏನಾಯ್ತು ಅಂತ ಕೇಳಬೇಡ, ಐಡಿ ಕೇಳು. ಐಡಿ ಕೊಡುವುದು ಸುಲಭ, ಕೊಡುತ್ತಾರೆ. ಹೆಸರು ಕೇಳಿ ಬರೆದಿಟ್ಟುಕೋ.

---

ರೆಸ್ಯೂಮೆ_ರಾಶಿ:

ಸರ್ ಉಪಾಯ ಚೆನ್ನಾಗಿದೆ, ನಾನು ಒಪ್ಪುತ್ತೇನೆ. ಒಂದೇ ಒಂದು ಮಾತು, ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿದ ಎಚ್‌ಆರ್‌ಗೂ ಅದೇ ವಿಷಯ ಮೆಸೇಜ್ ಹಾಕಿ. ನಮ್ಮನ್ನು ಬಿಟ್ಟು ನೇರ ಮ್ಯಾನೇಜರ್ ಹತ್ತಿರ ಹೋದರು ಅಂತ ಮುಖ ಊದಿಸಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ನಾನೂ ಒಂದೊಂದು ದಿನ ಹಾಗೇ.

ಮತ್ತೆ, ಆ ಫಾರಮಿನಲ್ಲಿ ಈಗ ಎಲ್ಲಿದ್ದೀರಿ ಅಂತ ಕೇಳಿದ್ದಕ್ಕೆ ಏನು ತುಂಬಿಸಿದ್ದೀರಿ? ಹಾಸನ ಅಂತಾನಾ? ಬೆಂಗಳೂರಿಗೆ ಬಂದಿರಲು ಸಿದ್ಧ ಅಂತ ಎಲ್ಲಾದರೂ ಬರೆದಿದ್ದೀರಾ? ಇಲ್ಲದಿದ್ದರೆ ಮೇಲ್‌ನಲ್ಲಿ ಅದನ್ನು ಮೊದಲು ಹಾಕಿ.

---

ಪೀಣ್ಯ_ಪಾದಯಾತ್ರೆ:

ನೀವೆಲ್ಲ ಮೇಲ್ ಮೇಲ್ ಅಂತೀರಿ. ನಾನು ಡಿಪ್ಲೊಮಾ ಮೆಕ್ಯಾನಿಕಲ್, ದಾವಣಗೆರೆ ಕಡೆಯವನು. 2016ರಲ್ಲಿ ಆನ್‌ಲೈನಲ್ಲಿ ಹಾಕಿದ ಅರ್ಜಿಗೆ ಲೆಕ್ಕ ಇಲ್ಲ, ಬಂದ ಉತ್ತರ ಸೊನ್ನೆ. ಆಮೇಲೆ ದಾಸರಹಳ್ಳಿಯಲ್ಲಿ ಫ್ರೆಂಡ್ ರೂಮಿನಲ್ಲಿ ಚಾಪೆ ಹಾಕಿಕೊಂಡು, ಬೆಳಿಗ್ಗೆ ಒಂಬತ್ತಕ್ಕೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ರೆಸ್ಯೂಮೆ ಇಟ್ಟುಕೊಂಡು ಪೀಣ್ಯ ಸೆಕೆಂಡ್ ಸ್ಟೇಜ್ ಪೂರ್ತಿ ನಡೆದೆ. ಗೇಟಿಗೆ ಹೋಗಿ ನಿಲ್ಲುವುದು. ಎಷ್ಟೋ ಗೇಟಲ್ಲಿ ಬೋರ್ಡೇ ಇರುತ್ತೆ, ಆಪರೇಟರ್ ಬೇಕಾಗಿದ್ದಾರೆ, ಹೆಲ್ಪರ್ ಬೇಕಾಗಿದ್ದಾರೆ ಅಂತ. ಆ ಬೋರ್ಡ್ ಯಾವ ವೆಬ್‌ಸೈಟಲ್ಲೂ ಇರಲ್ಲ.

ಒಂದು ಕಡೆ ಮೊದಲೇ ಆನ್‌ಲೈನಲ್ಲಿ ಹಾಕಿದ್ದೆ. ಸೆಕ್ಯುರಿಟಿ ಕಾಕಾ ರಾಯಚೂರು ಕಡೆಯವರು. ರಿಜಿಸ್ಟರಿನಲ್ಲಿ ಹೆಸರು ಬರೆಯೋ ಅಂದರು. ಯಾಕೆ ಬಂದದ್ದು ಅನ್ನುವ ಕಾಲಮಿನಲ್ಲಿ ಏನು ಬರೆಯಲಿ ಅಂತ ನಿಂತಿದ್ದೆ. ಅವರೇ ನೋಡಿ, "ಕ್ವಾಲಿಟಿಗೆ ಹುಡುಗ್ರು ಬೇಕಂತ ನಿನ್ನೆ ಸಾಹೇಬ್ರು ಮಾತಾಡಾಕತ್ತಿದ್ರು, ಕೊಡಿಲ್ಲಿ" ಅಂತ ರೆಸ್ಯೂಮೆ ಇಸ್ಕೊಂಡು ಚಹಾ ತಗೊಂಡು ಹೋಗುವವನ ಕೈಗೆ ಕೊಟ್ಟರು. ಇಪ್ಪತ್ತು ನಿಮಿಷ ಆದ ಮೇಲೆ ಒಳಗೆ ಕರೆದರು. ವರ್ನಿಯರ್ ಕೈಗೆ ಕೊಟ್ಟು ಒಂದು ಪೀಸ್ ಅಳತೆ ಮಾಡು ಅಂದರು. ಮುಂದಿನ ಸೋಮವಾರ ಸೇರಿದೆ. ಎರಡು ತಿಂಗಳಾದ ಮೇಲೆ ನನ್ನ ಆನ್‌ಲೈನ್ ಅರ್ಜಿಗೆ ಮೇಲ್ ಬಂತು, ಕ್ಷಮಿಸಿ ನೀವು ಆಯ್ಕೆಯಾಗಿಲ್ಲ ಅಂತ. ಅದೇ ಕಂಪನಿಯ ಕ್ಯಾಂಟೀನಲ್ಲಿ ಕೂತು ಓದಿದೆ.

ತಂಗಿ, ಒಂದು ದಿನ ರಜೆ ಹಾಕಿ ಹೋಗಿ ಬಾ ಅಂತ ನನ್ನ ಅಭಿಪ್ರಾಯ.

---

ರೆಸ್ಯೂಮೆ_ರಾಶಿ:

ಹ್ಹಹ್ಹ. ಕ್ಯಾಂಟೀನ್ ಕತೆ ನಂಬುತ್ತೇನೆ, ಅದನ್ನು ಕಳಿಸಿದ್ದು ನನ್ನಂಥವಳೇ ಯಾರೋ, ಒಂದೇ ಸಲ ಎಲ್ಲರನ್ನೂ ಸೆಲೆಕ್ಟ್ ಮಾಡಿ ಒತ್ತಿರುತ್ತಾರೆ. ಶೆಡ್ಡುಗಳಿಗೆ, ಸಣ್ಣ ಫ್ಯಾಕ್ಟರಿಗಳಿಗೆ ನೀವು ಹೇಳಿದ್ದು ಸರಿ. ದೊಡ್ಡ ಟೆಕ್ ಪಾರ್ಕಿನ ಗೇಟಿಗೆ ಹೀಗೆ ಹೋದರೆ ಬಿಸಿಲು ತಿಂದು ವಾಪಸ್ ಬರುತ್ತೀರಿ, ಸೆಕ್ಯುರಿಟಿಯವರಿಗೆ ಒಳಗೆ ಯಾರಿದ್ದಾರೆ ಅಂತಲೇ ಗೊತ್ತಿರಲ್ಲ. ಇವರು ಅರಸೀಕೆರೆಯಿಂದ ಬರಬೇಕು. ಮೊದಲು ಫೋನು, ಮೇಲ್ ಆಗಲಿ.

---

ಮೋಸ_ಹೋದವ:

ಅಡ್ಡ ಬರುತ್ತಿದ್ದೇನೆ, ಆದರೆ ಹೇಳಲೇಬೇಕು. ಹೀಗೆ ಕಾಯುವ ಹೊತ್ತಲ್ಲೇ ಕಳ್ಳರು ಫೋನ್ ಮಾಡುವುದು. ನಾನು ಒಂದು ಕಡೆ ಅರ್ಜಿ ಹಾಕಿ ಮೂರು ವಾರ ಕಾದಿದ್ದೆ. "ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ" ಅಂತ ಫೋನ್ ಬಂತು. ನನ್ನ ಹೆಸರು, ಓದು, ಯಾವ ಕೆಲಸಕ್ಕೆ ಹಾಕಿದ್ದೆ, ಎಲ್ಲಾ ಸರಿಯಾಗಿ ಹೇಳಿದರು. ಡಾಕ್ಯುಮೆಂಟ್ ವೆರಿಫಿಕೇಶನ್‌ಗೆ 1,850 ರೂಪಾಯಿ, ಸೇರಿದ ಮೇಲೆ ವಾಪಸ್ ಅಂದರು. ಕಟ್ಟಿದೆ. ಮಾರನೆಯ ದಿನ ಲ್ಯಾಪ್‌ಟಾಪ್ ಡೆಪಾಸಿಟ್ ಅಂದಾಗ ಅನುಮಾನ ಬಂತು. ಆಫರ್ ಲೆಟರ್ ಬಂದಿದ್ದ ಮೇಲ್ ಐಡಿ ನೋಡಿದರೆ ಜಿಮೇಲ್, ಕಂಪನಿಯದ್ದಲ್ಲ.

ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲೇ ಫೋನ್ ಇಡಿ. ಕಟ್ಟಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆ ಇರುವ ಸಹಾಯವಾಣಿ. ನಾನು ನಾಚಿಕೆ ಪಟ್ಟುಕೊಂಡು ನಾಲ್ಕು ದಿನ ಸುಮ್ನಿದ್ದೆ, ಅಷ್ಟರಲ್ಲಿ ದುಡ್ಡು ಎಲ್ಲೆಲ್ಲಿಗೋ ಹೋಗಿತ್ತು.

---

ಅರಸೀಕೆರೆ_ಬಿಕಾಂ:

ಏನಾಯ್ತು ಅಂತ ಅಪ್‌ಡೇಟ್ ಹಾಕೋಣ ಅಂತ ಬಂದೆ.

ಸೋಮವಾರ ಮಧ್ಯಾಹ್ನ ಫೋನ್ ಮಾಡಿ ಅಕೌಂಟ್ಸ್ ಕೊಡಿ ಅಂದೆ. ಕೊಟ್ಟೇಬಿಟ್ಟರು! ಒಬ್ಬರು ಮೇಡಂ ತೆಗೆದರು, ಯಾವ ಇನ್‌ವಾಯ್ಸ್ ನಂಬರ್ ಅಂತ ಕೇಳಿದರು. ಇಲ್ಲ ಮೇಡಂ, ಹೀಗೆ ಅಂದೆ. ನಕ್ಕರು, ಐಡಿ ಹೇಳಿದರು, ಎರಡು ಸಲ ಸ್ಪೆಲ್ಲಿಂಗ್ ಹೇಳಿದರು. ಮಂಗಳವಾರ ಹತ್ತೂವರೆಗೆ ಮೇಲ್ ಕಳಿಸಿದೆ. ಆರು ಸಾಲು ಆಯ್ತು, ನಾಲ್ಕಕ್ಕೆ ಇಳಿಸಕ್ಕಾಗಲಿಲ್ಲ. ಬೆಂಗಳೂರಲ್ಲಿ ಅತ್ತೆ ಮನೆ ಇದೆ, ಅಲ್ಲೇ ಇರುತ್ತೇನೆ ಅಂತಲೂ ಹಾಕಿದೆ. ಎಚ್‌ಆರ್‌ಗೂ ಮೆಸೇಜ್ ಹಾಕಿದೆ, ಅವರು ಇನ್ನೂ ನೋಡಿಲ್ಲ.

ಗುರುವಾರ ಮ್ಯಾನೇಜರ್ ಸರ್ ಅವರೇ ಫೋನ್ ಮಾಡಿದರು. ನನ್ನ ಅರ್ಜಿ ಅವರ ಹತ್ತಿರಕ್ಕೆ ಬಂದೇ ಇರಲಿಲ್ಲವಂತೆ. ರೆಸ್ಯೂಮೆ_ರಾಶಿ ಮೇಡಂ ಕೇಳಿದ್ದು ಸರಿ, ಊರು ಹಾಸನ ಅಂತ ತುಂಬಿಸಿದ್ದಕ್ಕೆ ಫಿಲ್ಟರಿನಲ್ಲೇ ಬಿದ್ದುಹೋಗಿತ್ತು ಅನ್ನಿಸುತ್ತೆ, ಅವರು ಬೆಂಗಳೂರಿನವರನ್ನು ಮಾತ್ರ ಕೇಳಿದ್ದರಂತೆ. ಕಾಲು ಗಂಟೆ ಮಾತಾಡಿದರು. ಸಪ್ಲೈಯರ್ ಬಿಲ್ ನಮ್ಮ ಹತ್ತಿರ ಇದೆ, 2ಬಿಯಲ್ಲಿ ಕಾಣ್ತಿಲ್ಲ, ಏನು ಮಾಡ್ತೀಯ ಅಂದರು. ಆ ತಿಂಗಳು ಕ್ರೆಡಿಟ್ ತಗೊಳ್ಳಲ್ಲ, ಅಂದರೆ ಆ ಬಿಲ್ಲಿನ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯಲ್ಲ, ಬಾಕಿ ಪಟ್ಟಿಯಲ್ಲಿಟ್ಟು ಸಪ್ಲೈಯರ್‌ಗೆ ಫೋನ್ ಮಾಡುತ್ತೇನೆ, ಅವರು ಹಾಕಿದ ತಿಂಗಳು ತಗೊಳ್ಳುತ್ತೇನೆ ಅಂದೆ. ಹ್ಞೂಂ ಅಂದರು. ಸಂಬಳದ ಮಾತು ಬರಲಿಲ್ಲ. ಸೋಮವಾರ 28, ಹನ್ನೊಂದು ಗಂಟೆಗೆ ಬಾ ಅಂದಿದ್ದಾರೆ. ಆಗುತ್ತೋ ಇಲ್ಲವೋ ಗೊತ್ತಿಲ್ಲ. ಅಪ್ಪ ಮಾತ್ರ ಆಗಲೇ ಪಕ್ಕದ ಮನೆಯವರಿಗೆ ಹೇಳಿಬಿಟ್ಟಿದ್ದಾರೆ.

ಇನ್ನೊಂದು ಸಹಾಯ. ಬೆಳಿಗ್ಗೆ ರೈಲಿಗೆ ಬರುತ್ತೇನೆ. ಪೀಣ್ಯಕ್ಕೆ ಎಲ್ಲಿ ಇಳಿಯಲಿ, ಮೆಜೆಸ್ಟಿಕ್‌ವರೆಗೆ ಹೋಗಬೇಕಾ?

---

ಪೀಣ್ಯ_ಪಾದಯಾತ್ರೆ:

ಮೆಜೆಸ್ಟಿಕ್ ಬೇಡ ತಂಗಿ. ಯಶವಂತಪುರದಲ್ಲಿ ಇಳಿ. ಅಲ್ಲೇ ಮೆಟ್ರೋ ಇದೆ, ಹಸಿರು ಲೈನು, ಮಾದಾವರ ಕಡೆಗೆ ಹೋಗುವುದನ್ನು ಹತ್ತು. ಗೊರಗುಂಟೆಪಾಳ್ಯ, ಪೀಣ್ಯ, ಮೂರನೆಯದು ಪೀಣ್ಯ ಇಂಡಸ್ಟ್ರಿ. ಎರಡು ಪೀಣ್ಯ ಇದೆ, ಗಡಿಬಿಡಿಯಲ್ಲಿ ಮೊದಲನೆಯದಕ್ಕೆ ಇಳಿದುಬಿಡಬೇಡ, ನಿನ್ನ ಕಂಪನಿ ಯಾವುದಕ್ಕೆ ಹತ್ತಿರ ಅಂತ ಮೊದಲೇ ಮ್ಯಾಪಲ್ಲಿ ನೋಡಿಕೋ. ಮಳೆ ಬಂದರೆ ಒಳಗಿನ ರೋಡೆಲ್ಲ ಕೆಸರು, ಒಳ್ಳೆ ಚಪ್ಪಲಿ ಬ್ಯಾಗಲ್ಲಿಟ್ಟುಕೊಂಡು ಗೇಟ್ ಹತ್ತಿರ ಹಾಕಿಕೋ.